ಸ್ಥಳೀಯ ಎಚ್‌ಟಿಟಿಪಿಎಸ್

ಸ್ಥಳೀಯ ಎಚ್‌ಟಿಟಿಪಿಎಸ್ ಎಂಬುದು ವೆಬ್ ಅಪ್ಲಿಕೇಶನ್ ಕಟ್ಟುವವರು ತಮ್ಮ ಕಂಪ್ಯೂಟರಿನಲ್ಲೇ ಓಡಿಸುವ ಡೆವಲಪ್‌ಮೆಂಟ್ ಸರ್ವರ್‌ಗೂ ಬ್ರೌಸರ್‌ಗೂ ನಡುವಣ ಸಂಪರ್ಕವನ್ನು ಟಿಎಲ್‌ಎಸ್ ಪ್ರೋಟೋಕಾಲ್ ಮೂಲಕ ಗೂಢಲಿಪಿಗೊಳಿಸುವ ವ್ಯವಸ್ಥೆ. ಸಾರ್ವಜನಿಕ ಜಾಲತಾಣಗಳ ಎಚ್‌ಟಿಟಿಪಿಎಸ್‌ಗೂ ಇದಕ್ಕೂ ತಂತ್ರದಲ್ಲಿ ಭೇದವಿಲ್ಲ. ಭೇದವಿರುವುದು ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ ಎಂಬುದರಲ್ಲಿ. ಲೋಕಲ್‌ಹೋಸ್ಟ್ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಆದ್ದರಿಂದ ಅದಕ್ಕೆ ಯಾವ ಸಾರ್ವಜನಿಕ ಸಂಸ್ಥೆಯೂ ಪ್ರಮಾಣಪತ್ರ ನೀಡುವುದಿಲ್ಲ, ತನ್ನ ಯಂತ್ರದ ಮಟ್ಟಿಗೆ ಡೆವಲಪರ್ ತಾನೇ ಪ್ರಮಾಣೀಕರಿಸುವವನಾಗಬೇಕಾಗುತ್ತದೆ. ಈ ವಿಷಯದ ಬಹುಪಾಲು ತೊಡಕುಗಳೂ ಅಪಾಯಗಳೂ ಹುಟ್ಟುವುದು ಇಲ್ಲಿಂದಲೇ.

ಈ ಲೇಖನದಲ್ಲಿ ಪ್ರಮಾಣಪತ್ರ ಎಂದರೆ ಎಕ್ಸ್.509 ಮಾದರಿಯ ಡಿಜಿಟಲ್ ಸರ್ಟಿಫಿಕೇಟ್. ಮೂಲ ಪ್ರಮಾಣಪತ್ರ ಎಂದರೆ ಬೇರೆ ಪ್ರಮಾಣಪತ್ರಗಳಿಗೆ ಸಹಿ ಹಾಕುವ ರೂಟ್ ಸರ್ಟಿಫಿಕೇಟ್. ನಂಬಿಕೆ ಪಟ್ಟಿ ಎಂದರೆ ಆಪರೇಟಿಂಗ್ ಸಿಸ್ಟಂ ಅಥವಾ ಬ್ರೌಸರ್ ತಾನು ನಂಬುವ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವ ಸಂಗ್ರಹ. ಪ್ರಮಾಣೀಕರಣ ಸಂಸ್ಥೆ ಎಂದರೆ ಮೂಲ ಪ್ರಮಾಣಪತ್ರದ ಖಾಸಗಿ ಕೀಲಿಯನ್ನು ಹೊಂದಿ ಇತರರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ.

ಹಿನ್ನೆಲೆ

ವೆಬ್ ಸಂಪರ್ಕವನ್ನು ಗೂಢಲಿಪಿಗೊಳಿಸುವ ಎಸ್‌ಎಸ್‌ಎಲ್ ಪ್ರೋಟೋಕಾಲನ್ನು ನೆಟ್‌ಸ್ಕೇಪ್ ಕಂಪನಿ ರೂಪಿಸಿತು. ಮೊದಲ ಆವೃತ್ತಿ ಹೊರಬರಲೇ ಇಲ್ಲ, 2.0 ಆವೃತ್ತಿ 1995ರಲ್ಲಿ, 3.0 ಆವೃತ್ತಿ 1996ರಲ್ಲಿ ಬಂದವು. ಅದೇ ಪ್ರೋಟೋಕಾಲ್ 1999ರಲ್ಲಿ ಟಿಎಲ್‌ಎಸ್ 1.0 ಎಂಬ ಹೆಸರಿನಲ್ಲಿ ಅಂತರಜಾಲ ಮಾನಕವಾಯಿತು. ಟಿಎಲ್‌ಎಸ್ 1.2 ಬಂದದ್ದು 2008ರಲ್ಲಿ, ಈಗ ಬಳಕೆಯಲ್ಲಿರುವ 1.3 ಬಂದದ್ದು 2018ರಲ್ಲಿ. ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು.

ಬಹುಕಾಲ ಎಚ್‌ಟಿಟಿಪಿಎಸ್ ಬ್ಯಾಂಕು, ಅಂಗಡಿ, ಲಾಗಿನ್ ಪುಟಗಳಿಗಷ್ಟೇ ಸೀಮಿತವಾಗಿತ್ತು. ಪ್ರಮಾಣಪತ್ರಕ್ಕೆ ಹಣ ಕೊಡಬೇಕಿತ್ತು, ಅಳವಡಿಕೆ ಕೈಕೆಲಸವಾಗಿತ್ತು. ಹೀಗಾಗಿ ಡೆವಲಪರ್‌ಗಳು ತಮ್ಮ ಯಂತ್ರದಲ್ಲಿ ಸಾದಾ ಎಚ್‌ಟಿಟಿಪಿ ಬಳಸಿ, ಎಚ್‌ಟಿಟಿಪಿಎಸ್ ಚಿಂತೆಯನ್ನು ಸರ್ವರ್ ನೋಡಿಕೊಳ್ಳುವವರಿಗೆ ಬಿಡುತ್ತಿದ್ದರು. ಸಾರ್ವಜನಿಕ ವೈಫೈನಲ್ಲಿ ಬೇರೆಯವರ ಲಾಗಿನ್ ಕುಕೀಗಳನ್ನು ಕದಿಯುವುದು ಎಷ್ಟು ಸುಲಭ ಎಂಬುದನ್ನು 2010ರಲ್ಲಿ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ವಿಸ್ತರಣೆ ತೋರಿಸಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು ಸರ್ಕಾರಿ ಕಣ್ಗಾವಲಿನ ವಿಸ್ತಾರವನ್ನು ಬಯಲಿಗೆಳೆದವು. ಉಚಿತವಾಗಿ, ಯಾಂತ್ರಿಕವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸೇವೆ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡ ಮೇಲೆ ಎಚ್‌ಟಿಟಿಪಿಎಸ್ ವೆಬ್‌ನ ಸಾಮಾನ್ಯ ಸ್ಥಿತಿಯಾಯಿತು. 2018ರ ಜುಲೈಯಲ್ಲಿ ಬಂದ ಕ್ರೋಮ್ 68 ಎಲ್ಲ ಎಚ್‌ಟಿಟಿಪಿ ಪುಟಗಳನ್ನೂ ಅಸುರಕ್ಷಿತ ಎಂದು ಗುರುತಿಸತೊಡಗಿತು.

ಇದರ ಜೊತೆಜೊತೆಗೆ ಬ್ರೌಸರ್‌ಗಳು ಹೊಸ ಸೌಲಭ್ಯಗಳನ್ನು ಸುರಕ್ಷಿತ ಪುಟಗಳಿಗೆ ಮಾತ್ರ ಕೊಡತೊಡಗಿದವು. ಕ್ಯಾಮೆರಾ ಮತ್ತು ಮೈಕ್, ಸ್ಥಳ ಪತ್ತೆ, ಸರ್ವಿಸ್ ವರ್ಕರ್, ಪಾಸ್‌ಕೀ ಲಾಗಿನ್‌ಗೆ ಆಧಾರವಾದ ವೆಬ್ಆಥೆನ್, ಬ್ಲೂಟೂತ್ ಇವೆಲ್ಲ ಈಗ ಆ ಬೇಲಿಯೊಳಗಿವೆ. ಡಬ್ಲ್ಯು3ಸಿ ಮಾನಕದಲ್ಲಿ ಇದಕ್ಕೆ ಸುರಕ್ಷಿತ ಸಂದರ್ಭ ಎಂಬ ಹೆಸರಿದೆ. ಪ್ರಕಟಣೆಗೆ ಹೋಗುವ ಸರ್ವರ್ ಒಂದು ಬಗೆ, ಕಟ್ಟುವಾಗಿನ ಸರ್ವರ್ ಇನ್ನೊಂದು ಬಗೆ ಎಂಬ ಹಳೆಯ ಪದ್ಧತಿ ಇಲ್ಲಿಗೆ ಕೆಲಸಕ್ಕೆ ಬಾರದಾಯಿತು.

ಅಗತ್ಯದ ಸಂದರ್ಭಗಳು

ಲೋಕಲ್‌ಹೋಸ್ಟ್ ಎಂಬುದು ಯಂತ್ರವು ತನ್ನನ್ನೇ ಕರೆದುಕೊಳ್ಳುವ ಹೆಸರು. ಐಪಿವಿ4ರಲ್ಲಿ ಅದರ ವಿಳಾಸ 127.0.0.1, ಐಪಿವಿ6ರಲ್ಲಿ ::1. ಈ ವಿಳಾಸಕ್ಕೆ ಕಳುಹಿಸಿದ ದತ್ತಾಂಶ ನೆಟ್‌ವರ್ಕ್ ಕಾರ್ಡಿನಿಂದ ಹೊರಗೆ ಹೋಗುವುದೇ ಇಲ್ಲ. ಆದ್ದರಿಂದ ಗೋಪ್ಯತೆಯ ದೃಷ್ಟಿಯಿಂದ ಇಲ್ಲಿ ಗೂಢಲಿಪಿಗೆ ಹೆಚ್ಚಿನ ಕೆಲಸವಿಲ್ಲ. ಇದನ್ನು ಮನಗಂಡ ಬ್ರೌಸರ್‌ಗಳು ಲೋಕಲ್‌ಹೋಸ್ಟನ್ನು ಸಾದಾ ಎಚ್‌ಟಿಟಿಪಿಯಲ್ಲೂ ಸುರಕ್ಷಿತ ಸಂದರ್ಭವೆಂದೇ ಪರಿಗಣಿಸುತ್ತವೆ. ಒಂದೇ ಯಂತ್ರದಲ್ಲಿ, ಲೋಕಲ್‌ಹೋಸ್ಟ್ ಹೆಸರಿನಲ್ಲೇ, ಸರಳ ಅಪ್ಲಿಕೇಶನ್ ಕಟ್ಟುವವರಿಗೆ ಸ್ಥಳೀಯ ಎಚ್‌ಟಿಟಿಪಿಎಸ್ ಬೇಕಾಗುವುದಿಲ್ಲ.

ಬೇಕಾಗುವುದು ಈ ವಿನಾಯಿತಿ ಮುಗಿಯುವ ಜಾಗಗಳಲ್ಲಿ. ಅಪ್ಲಿಕೇಶನ್ನು ಫೋನಿನಲ್ಲಿ ತೆರೆದು ನೋಡಬೇಕಾದಾಗ ವಿಳಾಸ 192.168ರಿಂದ ಆರಂಭವಾಗುವ ಮನೆಯ ಅಥವಾ ಕಚೇರಿಯ ನೆಟ್‌ವರ್ಕಿನ ಐಪಿಯಾಗುತ್ತದೆ; ಅದಕ್ಕೆ ವಿನಾಯಿತಿ ಇಲ್ಲದ ಕಾರಣ ಲ್ಯಾಪ್‌ಟಾಪಿನಲ್ಲಿ ತೆರೆದ ಕ್ಯಾಮೆರಾ ಫೋನಿನಲ್ಲಿ ತೆರೆಯುವುದಿಲ್ಲ. ಹಲವು ಉಪಡೊಮೇನ್‌ಗಳಿರುವ ಅಪ್ಲಿಕೇಶನ್ನಿಗೆ ಹೋಸ್ಟ್ಸ್ ಕಡತದಲ್ಲಿ ಬೇರೆ ಹೆಸರುಗಳನ್ನು ಬರೆದುಕೊಂಡಾಗಲೂ ಇದೇ ಪಾಡು. ಸೆಕ್ಯೂರ್ ಗುರುತಿನ ಕುಕೀಗಳನ್ನು ಎಚ್‌ಟಿಟಿಪಿ ಲೋಕಲ್‌ಹೋಸ್ಟ್‌ನಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಒಪ್ಪಿಕೊಂಡರೂ ಸಫಾರಿ ಬಹುಕಾಲ ಒಪ್ಪಲಿಲ್ಲ. ಎಚ್‌ಟಿಟಿಪಿ/2 ಪ್ರೋಟೋಕಾಲನ್ನು ಬ್ರೌಸರ್‌ಗಳು ಟಿಎಲ್‌ಎಸ್ ಮೇಲೆ ಮಾತ್ರ ಮಾತನಾಡುತ್ತವೆ. ಬೇರೆ ಸಂಸ್ಥೆಯ ಲಾಗಿನ್ ಅಥವಾ ಪಾವತಿ ಸೇವೆ ಬಳಕೆದಾರರನ್ನು ಮರಳಿ ಕಳುಹಿಸುವ ವಿಳಾಸ ಎಚ್‌ಟಿಟಿಪಿಎಸ್ ಆಗಿರಲೇಬೇಕೆಂದು ಪಟ್ಟು ಹಿಡಿಯುವುದೂ ಉಂಟು. ಸುರಕ್ಷಿತ ಪುಟವೊಂದು ಎಚ್‌ಟಿಟಿಪಿಯಿಂದ ಸ್ಕ್ರಿಪ್ಟ್ ತರಿಸಿಕೊಂಡರೆ ಬ್ರೌಸರ್ ತಡೆಯುತ್ತದೆ. ಇಂಥ ಮಿಶ್ರ ವಿಷಯದ ದೋಷಗಳು ಎಚ್‌ಟಿಟಿಪಿಯಲ್ಲೇ ಕಟ್ಟಿದವರಿಗೆ ಕಾಣುವುದೇ ಪ್ರಕಟಣೆಯ ದಿನ. ಒಟ್ಟಿನಲ್ಲಿ ಸ್ಥಳೀಯ ಎಚ್‌ಟಿಟಿಪಿಎಸ್‌ನ ಮುಖ್ಯ ಉದ್ದೇಶ ಗುಟ್ಟು ಕಾಯುವುದಲ್ಲ, ಕಟ್ಟುವ ಪರಿಸರವನ್ನು ಓಡುವ ಪರಿಸರಕ್ಕೆ ಸರಿಸಮ ಮಾಡುವುದು.

ರಚನೆ

ಸ್ಥಳೀಯ ಎಚ್‌ಟಿಟಿಪಿಎಸ್‌ಗೆ ಬೇಕಾದವು ಎರಡು ಕಡತಗಳು: ಒಂದು ಖಾಸಗಿ ಕೀಲಿ, ಇನ್ನೊಂದು ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ಒಳಗೊಂಡ ಪ್ರಮಾಣಪತ್ರ. ಎರಡೂ ಸಾಮಾನ್ಯವಾಗಿ ಪೆಮ್ ಎಂಬ ಪಠ್ಯ ರೂಪದಲ್ಲಿರುತ್ತವೆ. ಐದು ಅಡ್ಡಗೆರೆಗಳಿಂದ ಆರಂಭವಾಗುವ ಶೀರ್ಷಿಕೆ ಸಾಲು, ನಡುವೆ ಬೇಸ್64 ಅಕ್ಷರಗಳ ಸಾಲುಗಳು, ಕೊನೆಗೆ ಮತ್ತೆ ಅಂಥದೇ ಸಾಲು, ಇದು ಪೆಮ್ ಕಡತದ ನೋಟ. ಜಾವಾ ಮತ್ತು ವಿಂಡೋಸ್ ಬಳಗದ ಸಾಧನಗಳು ಎರಡನ್ನೂ ಒಂದರಲ್ಲೇ ಕಟ್ಟಿ, ಪಾಸ್‌ವರ್ಡ್ ಹಾಕಿಡುವ ಪಿಕೆಸಿಎಸ್12 ಕಡತವನ್ನು ಬಳಸುತ್ತವೆ.

ಟಿಎಲ್‌ಎಸ್ 1.3ರಲ್ಲಿ ಬ್ರೌಸರ್ ಮೊದಲ ಸಂದೇಶದಲ್ಲೇ ತನ್ನ ತಾತ್ಕಾಲಿಕ ಕೀಲಿಯ ಪಾಲನ್ನು ಕಳುಹಿಸುತ್ತದೆ. ಸರ್ವರ್ ತನ್ನ ಪಾಲು, ಪ್ರಮಾಣಪತ್ರ ಮತ್ತು ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಒಟ್ಟಿಗೆ ಹಿಂದಿರುಗಿಸುತ್ತದೆ. ಎರಡೂ ಪಾಲುಗಳಿಂದ ಹುಟ್ಟಿದ ಸಮಾನ ಕೀಲಿಯೇ ಮುಂದಿನ ದತ್ತಾಂಶವನ್ನೆಲ್ಲ ಗೂಢಲಿಪಿಗೊಳಿಸುತ್ತದೆ. ಖಾಸಗಿ ಕೀಲಿ ದತ್ತಾಂಶವನ್ನು ಮುಚ್ಚುವುದಿಲ್ಲ. ಪ್ರಮಾಣಪತ್ರದಲ್ಲಿ ಹೆಸರಿಸಿದ ಸರ್ವರ್ ತಾನೇ ಎಂದು ಸಾಬೀತುಪಡಿಸುವುದಷ್ಟೇ ಅದರ ಕೆಲಸ.

ಬ್ರೌಸರ್ ಪ್ರಮಾಣಪತ್ರವನ್ನು ಮುಖ್ಯವಾಗಿ ಮೂರು ವಿಷಯಗಳಿಗಾಗಿ ಪರೀಕ್ಷಿಸುತ್ತದೆ. ಸಹಿ ನಂಬಿಕೆ ಪಟ್ಟಿಯಲ್ಲಿರುವ ಮೂಲ ಪ್ರಮಾಣಪತ್ರವೊಂದಕ್ಕೆ ತಲುಪುತ್ತದೆಯೇ, ವಿಳಾಸ ಪಟ್ಟಿಯಲ್ಲಿ ಟೈಪ್ ಮಾಡಿದ ಹೆಸರು ಪ್ರಮಾಣಪತ್ರದಲ್ಲಿದೆಯೇ, ಇಂದಿನ ದಿನಾಂಕ ಅದರ ಅವಧಿಯೊಳಗಿದೆಯೇ. ಹೆಸರನ್ನು ಹುಡುಕುವುದು ಪರ್ಯಾಯ ಹೆಸರುಗಳು ಎಂಬ ವಿಭಾಗದಲ್ಲಿ. ಕಾಮನ್ ನೇಮ್ ಎಂಬ ಹಳೆಯ ಜಾಗವನ್ನು ನೋಡುವುದನ್ನು 2017ರಲ್ಲಿ ಬಂದ ಕ್ರೋಮ್ 58 ನಿಲ್ಲಿಸಿತು. ಅದಕ್ಕೂ ಹಿಂದಿನ ಓಪನ್‌ಎಸ್‌ಎಸ್‌ಎಲ್ ಪಾಠಗಳನ್ನು ಅನುಸರಿಸಿ ಮಾಡಿದ ಪ್ರಮಾಣಪತ್ರಗಳನ್ನು ಇಂದಿನ ಬ್ರೌಸರ್‌ಗಳು ತಿರಸ್ಕರಿಸುವುದಕ್ಕೆ ಇದೇ ಕಾರಣ.

ಹೆಸರುಗಳ ಆಯ್ಕೆ

ಲೋಕಲ್‌ಹೋಸ್ಟ್, ಟೆಸ್ಟ್, ಎಕ್ಸಾಂಪಲ್, ಇನ್‌ವ್ಯಾಲಿಡ್ ಎಂಬ ನಾಲ್ಕು ಮೇಲ್ತುದಿ ಹೆಸರುಗಳನ್ನು ಅಂತರಜಾಲ ಮಾನಕ 1999ರಲ್ಲೇ ಕಾದಿರಿಸಿದೆ. ಇವು ಯಾರಿಗೂ ಮಾರಾಟವಾಗುವುದಿಲ್ಲ. ಡೆವಲಪ್‌ಮೆಂಟ್ ಯಂತ್ರಕ್ಕೆ ಹೆಸರಿಡಲು ಇವುಗಳಲ್ಲಿ ಟೆಸ್ಟ್ ಅಥವಾ ಲೋಕಲ್‌ಹೋಸ್ಟ್ ಸುರಕ್ಷಿತ ಆಯ್ಕೆ. ಡಾಟ್ ಡೆವ್ ಎಂದು ಕೊನೆಗೊಳ್ಳುವ ಹೆಸರುಗಳನ್ನು ಅನೇಕರು ರೂಢಿಯಿಂದ ಬಳಸುತ್ತಿದ್ದರು. ಆ ಮೇಲ್ತುದಿ ಹೆಸರು ಗೂಗಲ್‌ನ ಸ್ವತ್ತು. 2017ರ ಡಿಸೆಂಬರ್‌ನಲ್ಲಿ ಬಂದ ಕ್ರೋಮ್ 63 ಅದರಡಿಯ ಎಲ್ಲ ಹೆಸರುಗಳಿಗೂ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದಾಗ ಎಷ್ಟೋ ಸ್ಥಳೀಯ ತಾಣಗಳು ತೆರೆಯದಾದವು.

ಕನ್ನಡ ಲಿಪಿಯ ಡೊಮೇನ್ ಹೆಸರಿಗೆ ಅಪ್ಲಿಕೇಶನ್ ಕಟ್ಟುವವರು ಇನ್ನೊಂದು ಸಂಗತಿ ಗಮನಿಸಬೇಕು. ಭಾರತದ ಡೊಮೇನ್‌ಗೆ ಕನ್ನಡದಲ್ಲಿ .ಭಾರತ ಎಂಬ ಮೇಲ್ತುದಿ ಹೆಸರಿದೆ. ಬ್ರೌಸರ್ ಇದನ್ನು ಕನ್ನಡದಲ್ಲೇ ತೋರಿಸಬಹುದಾದರೂ ಪ್ರಮಾಣಪತ್ರದ ಪರ್ಯಾಯ ಹೆಸರುಗಳಲ್ಲಿ ಅದು ಪ್ಯೂನಿಕೋಡ್ ರೂಪದ ರೋಮನ್ ಅಕ್ಷರಗಳಲ್ಲಿಯೇ ಇರಬೇಕು. ಕೆಳಗೆ ವಿವರಿಸಿರುವ ಎಂಕೆಸರ್ಟ್ ಈ ಪರಿವರ್ತನೆಯನ್ನು ತಾನೇ ಮಾಡುತ್ತದೆ. ಓಪನ್‌ಎಸ್‌ಎಸ್‌ಎಲ್ ಬಳಸುವವರು ಪರಿವರ್ತಿಸಿದ ರೂಪವನ್ನೇ ಕೊಡುವುದು ಸರಿ.

ಪ್ರಮಾಣಪತ್ರ ಪಡೆಯುವ ವಿಧಾನಗಳು

ಸ್ವಯಂಸಹಿಯ ಪ್ರಮಾಣಪತ್ರ ಎಲ್ಲಕ್ಕಿಂತ ಹಳೆಯ ವಿಧಾನ. ಓಪನ್‌ಎಸ್‌ಎಸ್‌ಎಲ್‌ನ ಒಂದೇ ಆದೇಶದಿಂದ ಕೀಲಿ ಮತ್ತು ಪ್ರಮಾಣಪತ್ರ ತಯಾರಾಗುತ್ತವೆ. ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅದರದೇ ಕೀಲಿ. ಯಾವ ನಂಬಿಕೆ ಪಟ್ಟಿಯಲ್ಲೂ ಇಲ್ಲದ ಕಾರಣ ಬ್ರೌಸರ್ ಪುಟ ತುಂಬ ಎಚ್ಚರಿಕೆ ತೋರಿಸುತ್ತದೆ. ಮುಂದುವರಿ ಎಂದು ಒತ್ತಿ ಪುಟ ತೆರೆಯಬಹುದಾದರೂ ಕ್ರೋಮ್‌ನಲ್ಲಿ ಸರ್ವಿಸ್ ವರ್ಕರ್ ನೋಂದಣಿಯಂಥ ಕೆಲಸಗಳು ಆಮೇಲೂ ವಿಫಲವಾಗುತ್ತವೆ. ಎಚ್ಚರಿಕೆಯನ್ನು ದಿನವೂ ದಾಟುವ ಅಭ್ಯಾಸ, ನಿಜವಾದ ದಾಳಿ ನಡೆದ ದಿನವೂ ಅದನ್ನು ದಾಟಿಸುತ್ತದೆ. ಸ್ವಯಂಸಹಿಯ ವಿಧಾನದ ದೊಡ್ಡ ಕೊರತೆ ಇದು.

ಎರಡನೆಯದು ಸ್ಥಳೀಯ ಪ್ರಮಾಣೀಕರಣ ಸಂಸ್ಥೆಯನ್ನು ಹೂಡುವುದು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ಇದೇ. ಫಿಲಿಪ್ಪೊ ವಾಲ್ಸೋರ್ಡಾ ಗೋ ಭಾಷೆಯಲ್ಲಿ ಬರೆದು 2018ರಲ್ಲಿ ಹೊರತಂದ ಎಂಕೆಸರ್ಟ್ ಇದನ್ನು ಎರಡು ಹೆಜ್ಜೆಗೆ ಇಳಿಸಿತು. ಮೊದಲ ಸಲ ಇನ್‌ಸ್ಟಾಲ್ ಆಯ್ಕೆಯೊಂದಿಗೆ ಓಡಿಸಿದಾಗ ಆ ಯಂತ್ರಕ್ಕೆ ಮಾತ್ರ ಸೇರಿದ ಹೊಸ ಮೂಲ ಕೀಲಿ ಮತ್ತು ಮೂಲ ಪ್ರಮಾಣಪತ್ರ ಹುಟ್ಟುತ್ತವೆ. ಮೂಲ ಪ್ರಮಾಣಪತ್ರ ಸಿಸ್ಟಂನ ನಂಬಿಕೆ ಪಟ್ಟಿಗೆ ಸೇರುತ್ತದೆ. ಎರಡನೆಯ ಹೆಜ್ಜೆಯಲ್ಲಿ ಬೇಕಾದ ಹೆಸರುಗಳನ್ನು ಸಾಲಾಗಿ ಕೊಡಬೇಕು. ಲೋಕಲ್‌ಹೋಸ್ಟ್, 127.0.0.1, ::1 ಎಂಬ ಮೂರನ್ನು ಕೊಟ್ಟರೆ ಮೊದಲ ಹೆಸರಿನ ಮುಂದೆ +2 ಎಂದು ಸೇರಿಸಿದ ಹೆಸರಿನ ಪ್ರಮಾಣಪತ್ರ ಕಡತವೂ, ಕೀ ಎಂಬ ಪದ ಸೇರಿದ ಕೀಲಿ ಕಡತವೂ ಅದೇ ಫೋಲ್ಡರಿನಲ್ಲಿ ಬಂದು ಕೂರುತ್ತವೆ. ಪ್ರಮಾಣಪತ್ರದ ಅವಧಿ ಎರಡು ವರ್ಷ ಮೂರು ತಿಂಗಳು. 825 ದಿನ ಮೀರಿದ ಪ್ರಮಾಣಪತ್ರಗಳನ್ನು ಆಪಲ್ 2019ರಿಂದ ಒಪ್ಪದಿರುವುದು ಈ ಮಿತಿಗೆ ಹಿನ್ನೆಲೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಫೈರ್‌ಫಾಕ್ಸ್‌ನ ಪ್ರತ್ಯೇಕ ಪಟ್ಟಿಗೂ ಎಂಕೆಸರ್ಟ್ ಮೂಲ ಪ್ರಮಾಣಪತ್ರವನ್ನು ಸೇರಿಸಬೇಕಾದರೆ ಸರ್ಟ್‌ಯುಟಿಲ್ ಎಂಬ ಉಪಕರಣ ಮೊದಲೇ ಇರಬೇಕು.

ಮೂರನೆಯದು ನಿಜವಾದ ಡೊಮೇನ್ ಬಳಸುವುದು. ತನ್ನ ಸ್ವಂತ ಡೊಮೇನಿನ ಉಪಹೆಸರೊಂದನ್ನು ಖಾಸಗಿ ಐಪಿ ವಿಳಾಸಕ್ಕೆ ತೋರಿಸಿ, ಡಿಎನ್‌ಎಸ್ ದಾಖಲೆಯ ಮೂಲಕ ಒಡೆತನ ಸಾಬೀತು ಮಾಡಿ, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪ್ರಮಾಣಪತ್ರ ಪಡೆಯಬಹುದು. ಯಾವ ಸಾಧನದಲ್ಲೂ ಏನನ್ನೂ ಸೇರಿಸದೆ ಬ್ರೌಸರ್‌ಗಳು ನಂಬುತ್ತವೆ ಎಂಬುದು ಇದರ ಲಾಭ. ಹೀಗೆ ಪಡೆದ ಪ್ರತಿ ಪ್ರಮಾಣಪತ್ರವೂ ಸಾರ್ವಜನಿಕ ದಾಖಲೆಗೆ ಸೇರುವುದರಿಂದ ಗುಟ್ಟಾಗಿಡಬೇಕಾದ ಯೋಜನೆಯ ಹೆಸರನ್ನು ಅದರಲ್ಲಿ ಬರೆಯಬಾರದು.

ಎನ್‌ಗ್ರಾಕ್, ಕ್ಲೌಡ್‌ಫ್ಲೇರ್ ಟನೆಲ್ ಮೊದಲಾದ ಸುರಂಗ ಸೇವೆಗಳು ನಾಲ್ಕನೆಯ ಬಗೆ. ಇವು ಸಾರ್ವಜನಿಕ ಎಚ್‌ಟಿಟಿಪಿಎಸ್ ವಿಳಾಸವೊಂದನ್ನು ಕೊಟ್ಟು ಅಲ್ಲಿಗೆ ಬಂದ ಕೋರಿಕೆಗಳನ್ನು ಡೆವಲಪರ್ ಯಂತ್ರಕ್ಕೆ ತಲುಪಿಸುತ್ತವೆ. ಹೊರಗಿನ ಸೇವೆಯಿಂದ ವೆಬ್‌ಹುಕ್ ಬರಬೇಕಾದಾಗ ಅನುಕೂಲ. ಆದರೆ ಅರ್ಧ ಕಟ್ಟಿದ ಅಪ್ಲಿಕೇಶನ್ ಲೋಕಕ್ಕೆಲ್ಲ ತೆರೆದಿರುತ್ತದೆ.

ಸರ್ವರ್‌ಗಳಲ್ಲಿ ಅಳವಡಿಕೆ

ನೋಡ್ ಜೆಎಸ್‌ನಲ್ಲಿ ಎಚ್‌ಟಿಟಿಪಿ ಮಾಡ್ಯೂಲಿನ ಬದಲು ಎಚ್‌ಟಿಟಿಪಿಎಸ್ ಮಾಡ್ಯೂಲ್ ತಂದು, ಸರ್ವರ್ ಸೃಷ್ಟಿಸುವಾಗ ಕೀಲಿ ಮತ್ತು ಪ್ರಮಾಣಪತ್ರ ಕಡತಗಳನ್ನು ಓದಿ ಕೊಟ್ಟರೆ ಸಾಕು. ವೀಟ್, ವೆಬ್‌ಪ್ಯಾಕ್, ಆಂಗ್ಯುಲರ್ ಸರ್ವರ್‌ಗಳಿಗೆ ಇದು ಸಂರಚನೆಯ ಒಂದೆರಡು ಸಾಲು. ಪೈಥಾನ್ ಲೋಕದಲ್ಲಿ ಫ್ಲಾಸ್ಕ್‌ನ ಡೆವಲಪ್‌ಮೆಂಟ್ ಸರ್ವರ್ ಪ್ರಮಾಣಪತ್ರವನ್ನು ಒಪ್ಪುತ್ತದೆ. ಜಾಂಗೋದ ರನ್‌ಸರ್ವರ್ ಒಪ್ಪುವುದಿಲ್ಲ, ಜಾಂಗೋ ಎಕ್ಸ್‌ಟೆನ್ಶನ್ಸ್ ಪ್ಯಾಕೇಜಿನ ರನ್‌ಸರ್ವರ್ ಪ್ಲಸ್ ಬಳಸಬೇಕು. ಪೈಥಾನ್ ಜೊತೆಗೇ ಬರುವ ಸರಳ ಎಚ್‌ಟಿಟಿಪಿ ಸರ್ವರ್‌ನ ಆದೇಶಕ್ಕೆ ಟಿಎಲ್‌ಎಸ್ ಆಯ್ಕೆ ಸೇರಿದ್ದು 3.14 ಆವೃತ್ತಿಯಲ್ಲಿ. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್ ಕೋರ್ ತನ್ನದೇ ಪ್ರಮಾಣಪತ್ರ ಉಪಕರಣವನ್ನು ಹೊಂದಿದೆ. ಪಿಎಚ್‌ಪಿಯ ಒಳಸರ್ವರ್‌ಗೆ ಎಚ್‌ಟಿಟಿಪಿಎಸ್ ಬರುವುದಿಲ್ಲ. ಸ್ಪ್ರಿಂಗ್ ಬೂಟ್‌ನಲ್ಲಿ ಕೀಸ್ಟೋರ್ ಕಡತದ ದಾರಿ ಮತ್ತು ಪಾಸ್‌ವರ್ಡನ್ನು ಗುಣಲಕ್ಷಣಗಳ ಕಡತದಲ್ಲಿ ಬರೆಯಲಾಗುತ್ತದೆ. ರೂಢಿಯ ಪೋರ್ಟ್ 8443.

ಸರ್ವರ್‌ಗೆ ಸ್ವತಃ ಟಿಎಲ್‌ಎಸ್ ಬಾರದಿದ್ದಲ್ಲಿ ಮುಂದೊಂದು ರಿವರ್ಸ್ ಪ್ರಾಕ್ಸಿ ನಿಲ್ಲಿಸುವುದು ವಾಡಿಕೆ. ಕ್ಯಾಡಿ ಸರ್ವರ್‌ನ ಎರಡನೇ ಆವೃತ್ತಿ ಲೋಕಲ್‌ಹೋಸ್ಟ್ ಎಂಬ ಹೆಸರು ಕಂಡ ಕೂಡಲೇ ತನ್ನೊಳಗೇ ಸಣ್ಣ ಪ್ರಮಾಣೀಕರಣ ಸಂಸ್ಥೆ ಹೂಡಿ, ಪೂರ್ವನಿಯೋಜಿತವಾಗಿ 12 ಗಂಟೆ ಬಾಳುವ ಪ್ರಮಾಣಪತ್ರಗಳನ್ನು ತಾನೇ ನವೀಕರಿಸುತ್ತಾ ಹೋಗುತ್ತದೆ. ಪ್ರಾಕ್ಸಿಯ ಹಿಂದೆ ಕೂತ ಅಪ್ಲಿಕೇಶನ್‌ಗೆ ತಲುಪುವುದು ಸಾದಾ ಎಚ್‌ಟಿಟಿಪಿ ಕೋರಿಕೆಯೇ. ಮೂಲ ಕೋರಿಕೆ ಎಚ್‌ಟಿಟಿಪಿಎಸ್ ಆಗಿತ್ತೆಂಬ ಮಾಹಿತಿ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಎಂಬ ಹೆಡರ್‌ನಲ್ಲಿ ಬರುತ್ತದೆ. ಅದನ್ನು ಓದಲು ಅಪ್ಲಿಕೇಶನ್‌ಗೆ ಹೇಳದಿದ್ದರೆ ಪುಟ ಎಚ್‌ಟಿಟಿಪಿಎಸ್‌ಗೆ ಮತ್ತೆ ಮತ್ತೆ ಮರುನಿರ್ದೇಶನಗೊಂಡು ಸುತ್ತುತ್ತಲೇ ಇರುತ್ತದೆ.

ಫೋನ್ ಮತ್ತು ಇತರ ಸಾಧನಗಳು

ಲ್ಯಾಪ್‌ಟಾಪಿನಲ್ಲಿ ಹುಟ್ಟಿದ ಮೂಲ ಪ್ರಮಾಣಪತ್ರವನ್ನು ಫೋನ್ ಅರಿಯದು. ಅದನ್ನು ಫೋನಿಗೆ ಕಳುಹಿಸಿ ಕೈಯಾರೆ ಸೇರಿಸಬೇಕು. ಐಫೋನಿನಲ್ಲಿ ಪ್ರೊಫೈಲ್ ಸ್ಥಾಪಿಸಿದರಷ್ಟೇ ಸಾಲದು. ಸೆಟ್ಟಿಂಗ್ಸ್‌ನ ಜನರಲ್, ಅಬೌಟ್ ಎಂಬ ದಾರಿಯಲ್ಲಿರುವ ಪ್ರಮಾಣಪತ್ರ ನಂಬಿಕೆಯ ಪುಟದಲ್ಲಿ ಪೂರ್ಣ ನಂಬಿಕೆಯನ್ನೂ ಚಾಲೂ ಮಾಡಬೇಕು. ಆಂಡ್ರಾಯ್ಡ್ 7ರಿಂದ ಈಚೆಗೆ ಬಳಕೆದಾರರು ಸೇರಿಸಿದ ಮೂಲ ಪ್ರಮಾಣಪತ್ರವನ್ನು ಕ್ರೋಮ್ ನಂಬಿದರೂ ಇತರ ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಆ್ಯಪಿನ ನೆಟ್‌ವರ್ಕ್ ಭದ್ರತಾ ಸಂರಚನೆಯಲ್ಲಿ ಅನುಮತಿ ಬರೆಯಬೇಕು. ಫೋನಿಗೆ ಕಳುಹಿಸಬೇಕಾದದ್ದು ಮೂಲ ಪ್ರಮಾಣಪತ್ರವನ್ನು ಮಾತ್ರ, ಮೂಲ ಕೀಲಿಯನ್ನಲ್ಲ.

ಬ್ರೌಸರ್ ಅಲ್ಲದ ಕಾರ್ಯಕ್ರಮಗಳ ನಂಬಿಕೆ ಪಟ್ಟಿಯೂ ಬೇರೆ ಇರಬಹುದು. ನೋಡ್ ಜೆಎಸ್‌ಗೆ ಹೆಚ್ಚುವರಿ ಮೂಲ ಪ್ರಮಾಣಪತ್ರದ ದಾರಿಯನ್ನು ಪರಿಸರ ಚರದ ಮೂಲಕ ತಿಳಿಸಬೇಕು. ಪೈಥಾನ್‌ನ ರಿಕ್ವೆಸ್ಟ್ಸ್ ಗ್ರಂಥಾಲಯ ಸರ್ಟಿಫೈ ಎಂಬ ಸ್ವಂತ ಪಟ್ಟಿಯನ್ನು ನಂಬಿಕೊಂಡಿದೆ. ಬ್ರೌಸರಿನಲ್ಲಿ ಬೀಗದ ಗುರುತು ಕಂಡರೂ ಎಪಿಐ ಕರೆ ವಿಫಲವಾಗಲು ಇದು ಮುಖ್ಯ ಕಾರಣ. ಆಗ ಪ್ರಮಾಣಪತ್ರ ಪರೀಕ್ಷೆಯನ್ನೇ ಆರಿಸಿಬಿಡುವ ಆಯ್ಕೆ ಕೈಗೆ ಬೇಗ ಸಿಗುತ್ತದೆ. ಆ ಸಾಲು ಪ್ರಕಟಣೆಯ ಕೋಡಿನೊಳಕ್ಕೆ ಜಾರಿಹೋದರೆ ಗೂಢಲಿಪಿಯ ರಕ್ಷಣೆಯೇ ಇಲ್ಲದಾಗುವುದರಿಂದ ಅದನ್ನು ಬಳಸಬಾರದು.

ಸಾಮಾನ್ಯ ದೋಷಗಳು

ಬ್ರೌಸರ್ ತೋರಿಸುವ ದೋಷ ಸಂಕೇತದಿಂದ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಅಥಾರಿಟಿ ಇನ್‌ವ್ಯಾಲಿಡ್ ಎಂದರೆ ಮೂಲ ಪ್ರಮಾಣಪತ್ರ ನಂಬಿಕೆ ಪಟ್ಟಿಯಲ್ಲಿಲ್ಲ. ಕಾಮನ್ ನೇಮ್ ಇನ್‌ವ್ಯಾಲಿಡ್ ಎಂದರೆ ತೆರೆದ ಹೆಸರು ಪ್ರಮಾಣಪತ್ರದಲ್ಲಿಲ್ಲ. ಲೋಕಲ್‌ಹೋಸ್ಟ್‌ಗೆ ಮಾಡಿದ ಪ್ರಮಾಣಪತ್ರವನ್ನು 127.0.0.1 ವಿಳಾಸದಲ್ಲಿ ತೆರೆದಾಗ ಇದು ಬರುತ್ತದೆ. ಎಸ್‌ಎಸ್‌ಎಲ್ ಪ್ರೋಟೋಕಾಲ್ ಎರರ್ ಎಂದರೆ ಸಾಮಾನ್ಯವಾಗಿ ಆ ಪೋರ್ಟಿನಲ್ಲಿರುವುದು ಸಾದಾ ಎಚ್‌ಟಿಟಿಪಿ ಸರ್ವರ್. ಕೋಡ್ ಬದಲಿಸಿದಾಗ ಪುಟ ತಾನಾಗಿ ಹೊಸದಾಗದಿದ್ದರೆ ವೆಬ್‌ಸಾಕೆಟ್ ಸಂಪರ್ಕ ಇನ್ನೂ ಗೂಢಲಿಪಿಯಿಲ್ಲದ ವಿಳಾಸವನ್ನೇ ಹುಡುಕುತ್ತಿರಬಹುದು.

ಎಚ್‌ಎಸ್‌ಟಿಎಸ್ ಹೆಡರ್ ತರುವ ತೊಂದರೆ ಹೆಚ್ಚು ಗೂಢ. ಈ ಹೆಸರನ್ನು ಇನ್ನು ಮುಂದೆ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆ ಎಂದು ಬ್ರೌಸರಿಗೆ ಹೇಳುವ ಈ ಹೆಡರ್ ಅನ್ವಯವಾಗುವುದು ಹೆಸರಿಗೆ, ಪೋರ್ಟಿಗಲ್ಲ. ಒಂದು ಯೋಜನೆ ಲೋಕಲ್‌ಹೋಸ್ಟ್‌ನಲ್ಲಿ ಇದನ್ನು ಕಳುಹಿಸಿದರೆ ಅದೇ ಯಂತ್ರದ 3000, 8000 ಪೋರ್ಟ್‌ಗಳಲ್ಲಿರುವ ಬೇರೆ ಯೋಜನೆಗಳೂ ಕೆಲವು ಬ್ರೌಸರ್‌ಗಳಲ್ಲಿ ತೆರೆಯದಾಗುತ್ತವೆ. ಡೆವಲಪ್‌ಮೆಂಟ್ ಸಂರಚನೆಯಲ್ಲಿ ಈ ಹೆಡರನ್ನು ಕಳುಹಿಸದಿರುವುದೇ ಇದಕ್ಕೆ ಪರಿಹಾರ.

ಅಪಾಯಗಳು

ಮೂಲ ಕೀಲಿ ಕೈಗೆ ಸಿಕ್ಕವರು ಆ ಯಂತ್ರ ನಂಬುವಂಥ ಪ್ರಮಾಣಪತ್ರವನ್ನು ಯಾವ ಜಾಲತಾಣದ ಹೆಸರಿಗೆ ಬೇಕಾದರೂ ಮಾಡಬಲ್ಲರು, ಬ್ಯಾಂಕಿನ ಹೆಸರಿಗೂ ಕೂಡ. ಇದರ ಪರಿಣಾಮ 2015ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಮೊದಲೇ ತುಂಬಿ ಕೊಟ್ಟಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ತನ್ನ ಮೂಲ ಪ್ರಮಾಣಪತ್ರವನ್ನು ನಂಬಿಕೆ ಪಟ್ಟಿಗೆ ಸೇರಿಸುತ್ತಿತ್ತು, ಎಲ್ಲ ಯಂತ್ರಗಳಲ್ಲೂ ಒಂದೇ ಖಾಸಗಿ ಕೀಲಿ ಇಡುತ್ತಿತ್ತು. ಒಂದು ಯಂತ್ರದಿಂದ ಕೀಲಿ ಹೊರತೆಗೆದವರಿಗೆ ಅಂಥ ಎಲ್ಲ ಯಂತ್ರಗಳೂ ತೆರೆದಂತಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಡೆಲ್ ಯಂತ್ರಗಳಲ್ಲಿ ಇಡೆಲ್‌ರೂಟ್ ಎಂಬ ಪ್ರಮಾಣಪತ್ರ ಇದೇ ಸ್ಥಿತಿಯಲ್ಲಿ ಪತ್ತೆಯಾಯಿತು.

ಸಾರ್ವಜನಿಕ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಭಾರತದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಮಧ್ಯಂತರ ಪ್ರಮಾಣಪತ್ರಗಳಿಂದ ಗೂಗಲ್‌ನ ಹಲವು ಡೊಮೇನ್‌ಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದು 2014ರ ಜುಲೈಯಲ್ಲಿ ಗೂಗಲ್‌ನ ಗಮನಕ್ಕೆ ಬಂತು. ಪ್ರಮಾಣೀಕರಣ ಸಂಸ್ಥೆಗಳ ನಿಯಂತ್ರಕರ ಕಚೇರಿ ಆ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದು ಮಾಡಿತು. ಕ್ರೋಮ್ ಆ ಕಚೇರಿಯ ಮೂಲ ಪ್ರಮಾಣಪತ್ರದ ವ್ಯಾಪ್ತಿಯನ್ನು ಕೆಲವೇ ಭಾರತೀಯ ಡೊಮೇನ್‌ಗಳಿಗೆ ಮಿತಿಗೊಳಿಸಿತು. ನಿಯಮಬದ್ಧ ಕಾವಲಿರುವ ಕಡೆಯೇ ಹೀಗಾಗಬಹುದಾದರೆ, ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿರುವ ಮೂಲ ಕೀಲಿಗೆ ಎಷ್ಟು ಜೋಪಾನ ಬೇಕೆಂಬುದು ಸ್ಪಷ್ಟ.

ಆದ್ದರಿಂದ ಮೂಲ ಕೀಲಿಯನ್ನು ತಂಡದವರೊಂದಿಗೆ ಹಂಚಿಕೊಳ್ಳಬಾರದು. ಪ್ರತಿ ಯಂತ್ರಕ್ಕೂ ಅದರದೇ ಮೂಲ ಕೀಲಿ ಇರಬೇಕು. ಪೆಮ್ ಕಡತಗಳ ಹೆಸರನ್ನು ಗಿಟ್ ನಿರ್ಲಕ್ಷಿಸುವ ಪಟ್ಟಿಗೆ ಮೊದಲೇ ಸೇರಿಸಬೇಕು. 127.0.0.1ಕ್ಕೆ ತೋರಿಸುವ ಸಾರ್ವಜನಿಕ ಡೊಮೇನ್ ಒಂದರ ಕೀಲಿಯನ್ನು ಅಪ್ಲಿಕೇಶನ್ ಜೊತೆಗೇ ಹಂಚುವುದೂ ಸಲ್ಲದು; ಕೀಲಿ ಬಯಲಾದದ್ದು ತಿಳಿದರೆ ಪ್ರಮಾಣೀಕರಣ ಸಂಸ್ಥೆ 24 ಗಂಟೆಯೊಳಗೆ ಅದರ ಪ್ರಮಾಣಪತ್ರವನ್ನು ರದ್ದು ಮಾಡಬೇಕೆಂಬ ನಿಯಮವಿದೆ. ಕೆಲಸ ಮುಗಿದ ಯಂತ್ರವನ್ನು ಬೇರೆಯವರಿಗೆ ಕೊಡುವ ಮುನ್ನ ಮೂಲ ಪ್ರಮಾಣಪತ್ರವನ್ನು ನಂಬಿಕೆ ಪಟ್ಟಿಯಿಂದ ತೆಗೆದು, ಕೀಲಿ ಇರುವ ಫೋಲ್ಡರನ್ನು ಅಳಿಸಬೇಕು.

ಇಂದಿನ ಸ್ಥಿತಿ

ಸಾರ್ವಜನಿಕ ಪ್ರಮಾಣಪತ್ರಗಳ ಅವಧಿ ಕುಗ್ಗುತ್ತಾ ಬಂದಿದೆ. 2020ರಿಂದ 398 ದಿನವಿದ್ದ ಗರಿಷ್ಠ ಅವಧಿ, ಪ್ರಮಾಣೀಕರಣ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ವೇದಿಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿರ್ಣಯದಂತೆ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100 ದಿನ, 2029ರ ಅದೇ ದಿನದಿಂದ 47 ದಿನಕ್ಕೆ ಇಳಿಯುತ್ತದೆ. ನಿಜವಾದ ಡೊಮೇನ್ ಬಳಸುವ ವಿಧಾನಕ್ಕೆ ಹೀಗಾಗಿ ಯಾಂತ್ರಿಕ ನವೀಕರಣ ಅನಿವಾರ್ಯ. ಡೆವಲಪರ್ ತಾನೇ ಸೇರಿಸಿಕೊಂಡ ಮೂಲ ಪ್ರಮಾಣಪತ್ರದಡಿ ಕೊಟ್ಟ ಸ್ಥಳೀಯ ಪ್ರಮಾಣಪತ್ರಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ.